ಎರಡು ಆಂಪ್ ಒಟ್ಟಿಗೆ ಹಾಕಿದರೆ ಸದ್ದು ತುಂಬುವ ಬದಲು ಸೊರಗುತ್ತಿದೆ, ಜತೆಗೆ ಹಮ್

ಆರನೇತಂತಿ:
ತಲೆ ಕೆಟ್ಟುಹೋಗಿದೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ. ನನ್ನ ಎರಡು ಗಿಟಾರ್ ಆಂಪ್‌ಗಳೂ (ಆಂಪ್ಲಿಫೈಯರ್) ಬೇರೆ ಬೇರೆಯಾಗಿ ನುಡಿಸಿದರೆ ಸೊಗಸಾಗಿವೆ. ಒಟ್ಟಿಗೆ ಹಾಕಿದ ಕೂಡಲೇ ಮಂದ್ರದ ತಂತಿಗಳ ಕಸುವೇ ಹೋಗಿಬಿಡುತ್ತದೆ. ಮೇಲಿಂದ ಗುಂಯ್ ಎನ್ನುವ ಹಮ್ ಬೇರೆ. ಕೇಬಲ್‌ಗಳನ್ನೆಲ್ಲ ಬದಲಿಸಿದ್ದಾಯಿತು. ಶನಿವಾರ ಕಾರ್ಯಕ್ರಮವಿದೆ. ನಮ್ಮ ತಂಡದಲ್ಲಿ ಒಂದೇ ಗಿಟಾರ್, ಕೀಬೋರ್ಡ್ ಇಲ್ಲ. ಆ ಜಾಗ ತುಂಬಲೆಂದೇ ಎರಡು ಆಂಪ್ ಬೇಕಾಗಿರುವುದು.

ವಾಲ್ವ್‌ಬೆಳಕು:
ಗ್ರೌಂಡ್ ಲೂಪ್, ಅನುಮಾನವೇ ಬೇಡ. ಎರಡು ಆಂಪ್‌ಗಳು ಗೋಡೆಯ ಅರ್ಥಿಂಗ್ ಮೂಲಕ ಒಮ್ಮೆ, ಗಿಟಾರ್ ಕೇಬಲ್ಲಿನ ಹೊರಜಾಲರಿಯ ಮೂಲಕ ಇನ್ನೊಮ್ಮೆ ಕೂಡಿಕೊಂಡಿವೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟೇ ನಿಮಗೆ ಕೇಳಿಸುತ್ತಿರುವುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ.

ಬಯಲುಸೀಮೆ_ಬ್ಲೂಸ್:
ಅಷ್ಟೆಲ್ಲ ಏಕೆ? ಒಂದು ಆಂಪಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ ತೆಗೆಯಿರಿ, ಹಮ್ ನಿಲ್ಲುತ್ತದೆ. ನಮ್ಮ ಕಡೆ ಆರ್ಕೆಸ್ಟ್ರಾದವರು ಹೀಗೆಯೇ ಮಾಡುವುದು.

ಬೆಸುಗೆಮನೆ:
ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಒಳಗಿನ 230 ವೋಲ್ಟಿನ ತಂತಿ ಕಳಚಿ ಷಾಸಿಗೆ, ಅಂದರೆ ಆಂಪಿನ ಲೋಹದ ಚೌಕಟ್ಟಿಗೆ, ತಗುಲಿತು ಎಂದುಕೊಳ್ಳಿ. ಅರ್ಥಿಂಗ್ ಇದ್ದರೆ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ಆ ಕರೆಂಟ್ ಕೇಬಲ್ ಹಿಡಿದು ಗಿಟಾರಿನ ತಂತಿಗಳಿಗೇ ಬರುತ್ತದೆ. ಆಗ ತುಟಿ ಮೈಕಿಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ಬಯಲುಸೀಮೆ_ಬ್ಲೂಸ್:
ವರ್ಷಗಟ್ಟಲೆ ಹಾಗೆ ನುಡಿಸಿದವರನ್ನು ನಾನು ಬಲ್ಲೆ. ಯಾರಿಗೂ ಏನೂ ಆಗಿಲ್ಲ.

ಬೆಸುಗೆಮನೆ:
ತಂತಿ ಕಳಚದಿರುವ ತನಕ ಏನೂ ಆಗುವುದಿಲ್ಲ, ನಿಜ. ಆ ನಂಬಿಕೆಯ ಮೇಲೆ ಇನ್ನೊಬ್ಬರನ್ನು ವೇದಿಕೆ ಹತ್ತಿಸಬೇಡಿ. ಆರನೇತಂತಿಯವರೇ, ಯಾವ ಆಂಪ್‌ಗಳು? ಸಿಗ್ನಲ್ ಹೇಗೆ ಹಂಚಿದ್ದೀರಿ?

ಆರನೇತಂತಿ:
ಒಂದೇ ಬೋರ್ಡಿಗೆ ಹಾಕಿದೆ. ಹಮ್ ಅಷ್ಟೇ ಇದೆ, ಮಂದ್ರವೂ ಬಂದಿಲ್ಲ.

ವಾಲ್ವ್‌ಬೆಳಕು:
ಬೋರ್ಡಿನ ಅರ್ಥಿಂಗ್ ಸರಿಯಿಲ್ಲದಿರಬಹುದು. ಬೇರೆ ಬೋರ್ಡ್ ತನ್ನಿ. ಲೂಪ್ ಮುರಿಯುವ ತನಕ ಉಳಿದದ್ದನ್ನು ಮುಟ್ಟಬೇಡಿ.

ಮೂರನೇಫ್ರೆಟ್_ಬೇಸ್:
ಹಮ್ ಯಾವ ಸ್ವರದಲ್ಲಿದೆ ಎಂದು ಹುಡುಕಿ. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಸ್. ಹಮ್ ಅದಕ್ಕೆ ಹೊಂದಿದರೆ 100 ಹರ್ಟ್ಸ್, ಆಂಪಿನ ಪವರ್ ಸಪ್ಲೈ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್, ಮುಖ್ಯವಾಗಿ ಅರ್ಥಿಂಗ್ ಕಡೆಯ ವಿಷಯ.

ಆರನೇತಂತಿ:
ಒಂದು ಸ್ಥಾಯಿ ಕೆಳಗಿದೆ. ಆಂಪ್‌ಗಳು ಫೆಂಡರ್ ಡಿಲಕ್ಸ್ ರಿವರ್ಬ್ ರೀಇಷ್ಯೂ ಮತ್ತು ವಾಕ್ಸ್ ಎಸಿ15. ಹಂಚಲು ವೈ ಕೇಬಲ್. ಫೆಂಡರ್ ಅನ್ನು ಅಣ್ಣ ನ್ಯೂಜೆರ್ಸಿಯಿಂದ ತಂದದ್ದು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ನಡೆಯುತ್ತದೆ. ಇದೆಲ್ಲ ಮುಖ್ಯವೇ?

ತುಂಗಾತೀರ:
ಒಳ್ಳೆಯ ಜೋಡಿ! ಗಿಟಾರ್ ವಾದಕ ಎರಿಕ್ ಜಾನ್ಸನ್ ಕೂಡ ತಿಳಿ ನಾದಕ್ಕೆ ಫೆಂಡರ್, ಲೀಡಿಗೆ ಮಾರ್ಷಲ್ ಎಂದು ಹಂಚಿಕೊಂಡವರು. ನನ್ನದು ಫೆಂಡರ್ ಟ್ವಿನ್ ರಿವರ್ಬ್ ಮತ್ತು ವಾಕ್ಸ್ ಎಸಿ30. ಮಧ್ಯೆ ಸ್ಟೀರಿಯೋ ಕೋರಸ್ ಪೆಡಲ್ ಇಟ್ಟರೆ ಕೋಣೆಯ ಗೋಡೆಗಳೇ ದೂರ ಸರಿದವು ಎನಿಸುತ್ತದೆ. ಚಿತ್ರ ಹಾಕಲೇ?

ಬೆಸುಗೆಮನೆ:
ಚಿತ್ರ ಆಮೇಲೆ. ಆರನೇತಂತಿಯವರೇ, ಅದೇ ಮುಖ್ಯ. ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ.

ಮಂದ್ರ ಹೋಗಲು ಕಾರಣ ಪೊಲಾರಿಟಿ, ಅಂದರೆ ಸಿಗ್ನಲಿನ ಏರಿಳಿತದ ದಿಕ್ಕು. ಆಂಪಿನ ಮೊದಲ ಭಾಗವಾದ ಪ್ರೀಆಂಪಿನಲ್ಲಿ ಸಾಮಾನ್ಯ ವಾಲ್ವ್ (ನಿರ್ವಾತ ನಳಿಗೆ) ಹಂತ ಪ್ರತಿಯೊಂದೂ ಸಿಗ್ನಲನ್ನು ತಲೆಕೆಳಗು ಮಾಡುತ್ತದೆ. ಒಂದು ಆಂಪಿನಲ್ಲಿ ಇಂಥ ಹಂತ ಒಂದು ಹೆಚ್ಚಿದ್ದರೆ ಇದರ ಸ್ಪೀಕರ್ ಮುಂದೆ ಬರುವಾಗ ಅದರದು ಹಿಂದೆ ಹೋಗುತ್ತದೆ. ಒಂದೇ ಜೋಕಾಲಿಯನ್ನು ಇಬ್ಬರು ಎದುರುಬದುರು ನಿಂತು ಏಕಕಾಲಕ್ಕೆ ತಳ್ಳಿದಂತೆ. ಉದ್ದ ಅಲೆಗಳ ಮಂದ್ರ ಮೊದಲು ಅಳಿಯುತ್ತದೆ. ವೈ ಕೇಬಲ್ ಇದಕ್ಕೆ ಕಾರಣವಲ್ಲ. 1 ಮೆಗಾಓಮ್‌ನ ಎರಡು ಇನ್‌ಪುಟ್‌ಗಳು ಸೇರಿ 500 ಕಿಲೋಓಮ್ ಆಗುವುದರಿಂದ ಅದು ತಾರಸ್ವರಗಳನ್ನು ಸ್ವಲ್ಪ ಮಂಕಾಗಿಸುತ್ತದೆ, ಅಷ್ಟೇ.

ಪರೀಕ್ಷೆಗೆ ಖರ್ಚಿಲ್ಲ. ಡಿಲಕ್ಸ್ ರಿವರ್ಬ್‌ನ ವೈಬ್ರಾಟೋ ಚಾನೆಲ್ಲಿನಲ್ಲಿ ನಾರ್ಮಲ್ ಚಾನೆಲ್ಲಿಗಿಂತ ಒಂದು ಹಂತ ಹೆಚ್ಚಿದೆ, ಹಾಗಾಗಿ ಅವೆರಡರ ಪೊಲಾರಿಟಿ ತದ್ವಿರುದ್ಧ. ನಾರ್ಮಲ್‌ಗೆ ಚುಚ್ಚಿ ಕೇಳಿ.

ವಾಲ್ವ್‌ಬೆಳಕು:
ಪೊಲಾರಿಟಿಯಿಂದ ಹಮ್ ಬರುವುದಿಲ್ಲ. ಲೂಪ್ ಇದ್ದೇ ಇದೆ.

ಆರನೇತಂತಿ:
ನಾರ್ಮಲ್‌ಗೆ ಹಾಕಿದೆ. ಬಂತು! ಆರನೇ ತಂತಿ ಎದೆಗೆ ತಾಗುತ್ತಿದೆ. ಆದರೆ ನಾರ್ಮಲ್ ಚಾನೆಲ್ಲಿನಲ್ಲಿ ರಿವರ್ಬ್ (ಮಾರ್ದನಿಯ ಪರಿಣಾಮ) ಇಲ್ಲವಲ್ಲ, ನನಗೆ ಅದು ಬೇಕೇ ಬೇಕು.

ಬೆಸುಗೆಮನೆ:
ಹಾಗಾದರೆ ವಾಕ್ಸ್ ಆರಿಸಿ, ಪ್ಲಗ್ ಕಿತ್ತು, ಅದರ ಸ್ಪೀಕರಿಗೆ ಹೋಗುವ ಎರಡು ತಂತಿಗಳನ್ನು ಅದಲುಬದಲು ಮಾಡಿ. ಸ್ಪೀಕರ್ ಜೋಡಿಸದೆ ಮತ್ತೆ ಹಚ್ಚಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಬಳಿಕ ಫೆಂಡರ್‌ನಲ್ಲಿ ವೈಬ್ರಾಟೋ ಚಾನೆಲ್ಲಿಗೇ ಮರಳಿ.

ಈಗ ಹಮ್. ಎಲ್ಲ ಪ್ಲಗ್ ಕಿತ್ತು, ಎರಡು ಆಂಪ್‌ಗಳ ನಡುವಿನ ಕೇಬಲನ್ನೂ ಬಿಡಿಸಿ, ಫೆಂಡರ್ ಷಾಸಿಯಿಂದ ಸ್ಟೆಪ್‌ಡೌನ್ ಪ್ಲಗ್ಗಿನ ದಪ್ಪ ಪಿನ್‌ವರೆಗೆ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ.

ಆರನೇತಂತಿ:
ಸ್ಪೀಕರ್ ತಂತಿ ಬದಲಿಸಿದೆ, ರಿವರ್ಬ್ ಸಮೇತ ಮಂದ್ರ ತುಂಬಿ ಬರುತ್ತಿದೆ. ಮೀಟರ್ ಮಾತ್ರ ಏನೂ ತೋರಿಸುತ್ತಿಲ್ಲ. ಸ್ಟೆಪ್‌ಡೌನ್ ಡಬ್ಬ ಬಿಚ್ಚಿದರೆ ಔಟ್‌ಪುಟ್ ಸಾಕೆಟ್ಟಿನ ಅರ್ಥಿಂಗ್‌ಗೆ ತಂತಿಯೇ ಇಲ್ಲ.

ಬೆಸುಗೆಮನೆ:
ಅಂದರೆ ಫೆಂಡರ್‌ಗೆ ಸ್ವಂತ ಅರ್ಥಿಂಗ್ ಇಲ್ಲ, ಗಿಟಾರ್ ಕೇಬಲ್ ಮೂಲಕ ವಾಕ್ಸ್‌ನದನ್ನು ಆಶ್ರಯಿಸಿದೆ. ಅರ್ಥಿಂಗ್ ಪಿನ್ ಕಿತ್ತ ಅಪಾಯವೇ ಇದು. ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಆ ತಂತಿ ಹಾಕಿಸುವ ತನಕ ಫೆಂಡರ್ ಹಚ್ಚಬೇಡಿ. ಆ ಡಬ್ಬವನ್ನು ಗಿಟಾರ್ ಮತ್ತು ಆಂಪ್‌ಗಳಿಂದ ದೂರವೂ ಇಡಿ, ಅದರ ಕಾಂತಕ್ಷೇತ್ರವೂ ಹಮ್ ತರುತ್ತದೆ.

ವಾಲ್ವ್‌ಬೆಳಕು:
ಅರ್ಥಿಂಗ್ ಹಾಕಿಸಿದ ಕ್ಷಣ ನಿಜವಾದ ಗ್ರೌಂಡ್ ಲೂಪ್ ಹುಟ್ಟುತ್ತದೆ, ಬರೆದಿಟ್ಟುಕೊಳ್ಳಿ. ವೈ ಕೇಬಲ್ ಬದಲು ಒಳಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಎಬಿವೈ ಪೆಟ್ಟಿಗೆಯೇ (ಗಿಟಾರ್ ಸಿಗ್ನಲನ್ನು ಒಂದು ಆಂಪಿಗೋ ಎರಡಕ್ಕೂವೋ ಕಳಿಸುವಂಥದು) ಬೇಕಾಗುತ್ತದೆ.

ಬೆಸುಗೆಮನೆ:
ಅದನ್ನು ಒಪ್ಪುತ್ತೇನೆ. ಲೂಪನ್ನು ಸಿಗ್ನಲ್ ಕಡೆ ಮುರಿಯಬೇಕು, ಕರೆಂಟಿನ ಕಡೆ ಅಲ್ಲ.

ಆರನೇತಂತಿ:
ಶನಿವಾರದೊಳಗೆ ಅದು ಎಲ್ಲಿ ಸಿಗುತ್ತದೆ? ನಾನಿರುವುದು ದಾವಣಗೆರೆಯಲ್ಲಿ.

ತುಂಗಾತೀರ:
ನನ್ನ ಬಳಿ ರೇಡಿಯಲ್ ಬಿಗ್‌ಶಾಟ್ ಎಬಿವೈ ಇದೆ, ಶಿವಮೊಗ್ಗದಲ್ಲಿದ್ದೇನೆ. ಅದರಲ್ಲಿ ಪೊಲಾರಿಟಿ ಸ್ವಿಚ್ಚೂ ಇದೆ. ಗುರುವಾರ ಬಂದು ಒಯ್ಯಿರಿ. ಟ್ವಿನ್ ಮತ್ತು ಎಸಿ30 ಜೋಡಿಯನ್ನೂ ಕೇಳಿಸುತ್ತೇನೆ.