ಹಳೆಯ ಚೈನ್‌ಸಾದ ಕಾರ್ಬುರೇಟರಿಗೆ ಪೆಟ್ರೋಲ್ ತಲುಪುತ್ತಿಲ್ಲ

ಪ್ರಶ್ನೆ:
ಮಳೆಗಾಲವಿಡೀ ಮೂಲೆಯಲ್ಲಿದ್ದ ನಮ್ಮ ಹಳೆಯ ಚೈನ್‌ಸಾ, ಎಣ್ಣೆ ಬೆರೆಸಿದ ಪೆಟ್ರೋಲನ್ನು ಕಾರ್ಬುರೇಟರಿನ ಬಾಯಿಗೆ ನಾಲ್ಕು ಹನಿ ಬಿಟ್ಟರೆ ಎರಡು ಕ್ಷಣ ಓಡಿ ನಿಲ್ಲುತ್ತದೆ. ಟ್ಯಾಂಕಿನೊಳಗಿನ ಫಿಲ್ಟರನ್ನು ಬದಲಿಸಿದರೂ ಪ್ರಯೋಜನವಾಗಿಲ್ಲ. ಮುಂದೆ ಏನನ್ನು ಪರಿಶೀಲಿಸಬೇಕು?

ಉತ್ತರ 1:
ಹನಿ ಬಿಟ್ಟಾಗ ಎಂಜಿನ್ ಓಡುವುದರಿಂದಲೇ ಕಿಡಿ ಸರಿಯಿದೆ ಎಂಬುದು ಸ್ಪಷ್ಟ. ಎಥನಾಲ್ ಬೆರೆತ ಪೆಟ್ರೋಲ್ ಬಹುಕಾಲ ಉಳಿದಿದ್ದರೆ ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಕೊಳವೆ ಬಿರುಕು ಬಿಟ್ಟು ಗಾಳಿಯನ್ನು ಎಳೆಯಬಹುದು. ಹೊರತೆಗೆದು ಬಾಗಿಸಿ ನೋಡಿ.

ಉತ್ತರ 2:
ಕೊಳವೆ ಚೆನ್ನಾಗಿದ್ದರೆ ಕಾರ್ಬುರೇಟರಿನ ಡಯಾಫ್ರಮ್‌ಗಳನ್ನು, ಅಂದರೆ ಒಳಗಿನ ತೆಳುಪೊರೆಗಳನ್ನು ನೋಡಬೇಕು. ಕ್ರ್ಯಾಂಕ್‌ಕೇಸಿನ (ಪಿಸ್ಟನ್ನಿನ ಕೆಳಗಿನ ಎಂಜಿನ್ ಕೋಣೆ) ಒತ್ತಡದ ಏರಿಳಿತಕ್ಕೆ ಮಿಡಿಯುವ ತೆಳುಪೊರೆಯೇ ಪೆಟ್ರೋಲನ್ನು ಎಳೆದು ತರುವುದರಿಂದ, ಅದು ಗಡುಸಾದರೆ ಎಷ್ಟು ಬಾರಿ ಹಗ್ಗ ಎಳೆದರೂ ಫಲವಿಲ್ಲ. ದಯವಿಟ್ಟು ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂಗಳನ್ನು ತಿರುಗಿಸಬೇಡಿ. ಇಂಧನದ ಕೊರತೆಯಲ್ಲಿ ಓಡಿದ ಎಂಜಿನ್ನಿನ ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಪೊರೆ ಒಣಗಿದ ಎಲೆಯಂತಾಗಿತ್ತು. ಹೊಸದನ್ನು ಹಾಕಿದ ಮೇಲೆ ಯಂತ್ರ ನಿಲ್ಲದೆ ಓಡುತ್ತಿದೆ. ಇಬ್ಬರಿಗೂ ಕೃತಜ್ಞತೆಗಳು.