ಮನೆತನದ ಗುಂಪಿನಲ್ಲಿ ಸಿರಿಂಜಿನ ವಾಗ್ವಾದ

ದೊಡ್ಡಪ್ಪ, ಸಾಗರ (ಫಾರ್ವರ್ಡ್): ಸ್ಕಾಟ್ಲೆಂಡಿನಲ್ಲಿ ಔಷಧ ಅಂಗಡಿಯವರೇ ಮಾದಕ ವ್ಯಸನಿಗಳಿಗೆ ಉಚಿತವಾಗಿ ಸಿರಿಂಜ್ ಹಂಚುತ್ತಿದ್ದಾರೆ! ಮುಂದಿನ ಸರದಿ ನಮ್ಮದು. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ, ಸಾಗರ: ಶೈಲಾ, ನಿನ್ನಂತೆ ಔಷಧ ಮಾರುವವರೇ ಸೂಜಿ ಕೊಟ್ಟರೆ ಮಕ್ಕಳನ್ನು ಕಾಯುವವರು ಯಾರು?

ವಿನಯ, ಬೆಂಗಳೂರು: ಇದನ್ನು ಬರೆದವರು ಯಾರೆಂದು ತಿಳಿಸಿ, ದೊಡ್ಡಪ್ಪ. ಲಿಂಗನಮಕ್ಕಿ ಅಣೆಕಟ್ಟು ಬಿರುಕು ಬಿಟ್ಟಿತೆಂಬ ಸುಳ್ಳು ಸಂದೇಶವನ್ನೂ ನೀವೇ ಹಾಕಿದ್ದಿರಿ.

ದೊಡ್ಡಪ್ಪ, ಸಾಗರ: ಹಿರಿಯರು ಎಚ್ಚರಿಸಿದಾಗಲೆಲ್ಲ ಆಧಾರ ಕೇಳುವುದು ನಿನಗೆ ರೂಢಿಯಾಗಿಬಿಟ್ಟಿದೆ.

ಸರೋಜತ್ತೆ, ಆಗುಂಬೆ: ನಮ್ಮ ಬಾಲ್ಯದಲ್ಲಿ ಕಾಂಪೌಂಡರ್ ಗಾಜಿನ ಸಿರಿಂಜನ್ನು ಸ್ಟೌವಿನ ಮೇಲೆ ಕುದಿಸಿ, ಇಡೀ ಕೇರಿಯ ಮಕ್ಕಳಿಗೆ ಅದರಲ್ಲಿಯೇ ಚುಚ್ಚುತ್ತಿದ್ದರು. ನೀನು ಅತ್ತ ಅಳು ಹೊಳೆಯಾಚೆಗೂ ಕೇಳಿತ್ತು, ಶೈಲಾ.

ಶೈಲಾ, ತೀರ್ಥಹಳ್ಳಿ: ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರಬಾರದೆಂದೇ ಅವರು ಕುದಿಸುತ್ತಿದ್ದರು, ಅತ್ತೆ. ದೊಡ್ಡಪ್ಪ, ಸ್ಕಾಟ್ಲೆಂಡಿನ ಸಂಗತಿ ನಿಜ, ಆದರೆ ಅದರ ಹಿನ್ನೆಲೆಯನ್ನು ಸಂದೇಶ ಬಿಟ್ಟಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿನ ರಾಜಧಾನಿ ಎಡಿನ್‌ಬರೋದಲ್ಲಿ ಸಿರಿಂಜ್ ಸಿಗದಂತೆ ಮಾಡಿ, ಸಿಕ್ಕಿದ್ದನ್ನು ಪೊಲೀಸರು ಕಿತ್ತುಕೊಂಡಾಗ, ಹೆರಾಯಿನ್ ಚುಚ್ಚಿಕೊಳ್ಳುವವರು ಚಟ ಬಿಡಲಿಲ್ಲ, ಒಂದೇ ಸೂಜಿಯನ್ನು ಹಂಚಿಕೊಂಡರು. 1986ರಲ್ಲಿ ಅಲ್ಲಿನ ಒಂದು ಚಿಕಿತ್ಸಾಲಯದ ಇಂಥ 164 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎಚ್‌ಐವಿ ಸೋಂಕು ಕಂಡುಬಂತು. ಹೀಗೆ ಹಂಚಿಕೊಂಡ ಸೂಜಿಯಿಂದಲೂ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಸಿಗೆ ಇಂದಿಗೂ ಲಸಿಕೆಯಿಲ್ಲ.

ವಿನಯ, ಬೆಂಗಳೂರು: ನಮ್ಮಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ, ಅಕ್ಕ?

ಶೈಲಾ, ತೀರ್ಥಹಳ್ಳಿ: ಎಚ್‌ಐವಿ ತಡೆಯಲು ಶುದ್ಧ ಸೂಜಿ ಒದಗಿಸುವುದು ಅಪರಾಧವಲ್ಲವೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ಸೂಜಿ ವಿನಿಮಯವನ್ನೂ, ಹೆರಾಯಿನ್ ಬದಲಿಗೆ ನಾಲಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆಯನ್ನೂ ನಡೆಸುತ್ತಿದೆ. ಆದರೆ ಚಟ ಹಿಡಿಸಬಲ್ಲ ಟ್ರಮಡಾಲ್‌ನಂಥ ನೋವಿನ ಮಾತ್ರೆಗಳನ್ನು ನಾನು ವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ.

ದೊಡ್ಡಪ್ಪ, ಸಾಗರ: ವ್ಯಾಪಾರ ಮಾಡುವವರಿಗೆ ಎಲ್ಲವೂ ಸರಿಯೇ. ನಿನ್ನ ಅಂಗಡಿಯ ಸಾಲಕ್ಕೆ ಜಾಮೀನು ನಿಂತವನು ನಾನು ಎಂಬುದನ್ನಾದರೂ ನೆನಪಿಟ್ಟುಕೋ.

ಶೈಲಾ, ತೀರ್ಥಹಳ್ಳಿ: ಅದನ್ನು ಮರೆತಿಲ್ಲ, ದೊಡ್ಡಪ್ಪ. ಕೆಲವೇ ರೂಪಾಯಿಯ ಸಿರಿಂಜಿನಲ್ಲಿ ಲಾಭವೇನೂ ಇಲ್ಲ. ತಲೆ ತಗ್ಗಿಸಿ ನಿಂತ ಹುಡುಗನನ್ನು ಗದರಿಸಿ ಕಳುಹಿಸಿದರೆ ಅವನು ಗೆಳೆಯ ಬಳಸಿದ ಸೂಜಿಯನ್ನೇ ಚುಚ್ಚಿಕೊಳ್ಳುತ್ತಾನೆ, ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮನೆಯವರಿಗೂ ಹೇಳಲಾಗದ್ದನ್ನು ಅವನು ಹೇಳಿಕೊಳ್ಳಬಹುದಾದ ಜಾಗ ಈ ಕೌಂಟರ್ ಒಂದೇ ಇರಬಹುದು.

ದೊಡ್ಡಪ್ಪ, ಸಾಗರ: ಭಾಷಣ ಸಾಕು. ಕೇಳಿದವನಿಗೆ ಕೊಡುತ್ತೀಯೋ, ಇಲ್ಲವೋ?

ಶೈಲಾ, ತೀರ್ಥಹಳ್ಳಿ: ಕೊಡುತ್ತೇನೆ. ವ್ಯಸನಮುಕ್ತಿ ಸಹಾಯವಾಣಿ 14446 ಅನ್ನು ಚೀಟಿಯಲ್ಲಿ ಬರೆದುಕೊಟ್ಟು, ಬಳಸಿದ ಸೂಜಿಯನ್ನು ಹೊಳೆದಂಡೆಯಲ್ಲಿ ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಹಾಕಿ ನನಗೇ ತಂದೊಪ್ಪಿಸಲು ಹೇಳುತ್ತೇನೆ.