ಕಾರವಾರದಲ್ಲೇ ಇದ್ದು ವಿದ್ಯುತ್ ಕ್ಷೇತ್ರದಲ್ಲಿ ಬೆಳೆಯಬಹುದಾ?

ಕಾಳಿದಂಡೆ:
ಎಲೆಕ್ಟ್ರಿಕಲ್ ಬಿಇ ಮುಗಿದು ಒಂದೂವರೆ ವರ್ಷ ಆಯ್ತು. ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆಗಿದ್ದೇನೆ. ದಿನವಿಡೀ ಹಾಜರಿ ಪಟ್ಟಿ, ಬಿಲ್ಲು, ಎಕ್ಸೆಲ್. ಪ್ಯಾನೆಲ್ ಬಾಗಿಲು ತೆಗೆದು ನೋಡಿದ್ದು ಎರಡೋ ಮೂರೋ ಸಲ. ಕೈಗಾ, ಕದ್ರಾ, ಕೊಡಸಳ್ಳಿ, ಸೂಪಾ, ನಾಗಝರಿ, ಅತ್ತ ಗೇರುಸೊಪ್ಪ, ಇಷ್ಟೆಲ್ಲ ವಿದ್ಯುತ್ ಕೇಂದ್ರಗಳು ನಮ್ಮ ಜಿಲ್ಲೆಯಲ್ಲೇ ಇದ್ದರೂ ನನ್ನ ಬ್ಯಾಚಿನವರು ಹೆಚ್ಚಿನವರು ಬೆಂಗಳೂರಿಗೆ ಸಾಫ್ಟ್‌ವೇರ್‌ಗೆ ಹೋದರು. ಮನೆಯಲ್ಲೂ ಅದನ್ನೇ ಹೇಳುತ್ತಾರೆ. ನನಗೆ ಯಂತ್ರದ ಕೆಲಸವೇ ಬೇಕು. ಏನು ಮಾಡಲಿ?

ರಾತ್ರಿಪಾಳಿ:
ವಯಸ್ಸು ನೋಡಿಕೊಳ್ಳಿ ಮೊದಲು. ಕೈಗಾ ಅಣುವಿದ್ಯುತ್ ಕೇಂದ್ರ ನಡೆಸುವ ಎನ್‌ಪಿಸಿಐಎಲ್‌ನಲ್ಲಿ ಎಕ್ಸಿಕ್ಯೂಟಿವ್ ಟ್ರೈನಿ (ತರಬೇತಿ ಇಂಜಿನಿಯರ್) ಆಗಲು ಗೇಟ್ ಪರೀಕ್ಷೆಯ ಅಂಕ ಬೇಕು, ಸಾಮಾನ್ಯ ವರ್ಗಕ್ಕೆ 26 ದಾಟಿರಬಾರದು. ಗೇಟ್ ಅಂಕ 3 ವರ್ಷ ನಡೆಯುತ್ತದೆ, ಹಾಗಾಗಿ ಈ ವರ್ಷವೇ ಬರೆಯಿರಿ. ಒಂದು ಮಾತು: ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿತ್ತು. ಪಂಪಿನ ಸದ್ದು ಸ್ವಲ್ಪ ಬದಲಾದರೂ ಹಿಡಿಯುವ ಜನ ಇಲ್ಲದೆ ಅದು ಆಗುತ್ತಿರಲಿಲ್ಲ. ಆ ಕಿವಿ ಬರಲು ವರ್ಷಗಳು ಬೇಕು. ಅವಸರ ಮಾಡಬೇಡಿ.

ರಿಲೇರಾಯ:
ಕಂಪನಿ ಹೆಸರು ಬಿಡಿ. ಯಾವ ಕೆಲಸದಲ್ಲಿ ನಿಮ್ಮ ಕೈ ಯಂತ್ರಕ್ಕೆ ತಾಗುತ್ತದೆ ಅಂತ ನೋಡಿ.

ನಾನು ಶುರು ಮಾಡಿದ್ದೂ ಗುತ್ತಿಗೆದಾರರ ಕೈಕೆಳಗೇ. ಒಂದು ಕಡೆ ಹೊಸ ಟ್ರಾನ್ಸ್‌ಫಾರ್ಮರ್ ಲೋಡ್ ಏರಿದ ಕೂಡಲೇ ಟ್ರಿಪ್ ಆಗಿ ಕರೆಂಟು ಕಡಿದುಹೋಗುತ್ತಿತ್ತು. ಎಲ್ಲರೂ ರಿಲೇ (ದೋಷ ಕಂಡರೆ ಕರೆಂಟು ಕಡಿಸುವ ಸಾಧನ) ಕೆಟ್ಟಿದೆ, ಬದಲಿಸಿ ಅಂದರು. ನಾವಿಬ್ಬರು ಎರಡು ರಾತ್ರಿ ಕೂತು ಡ್ರಾಯಿಂಗ್ ಹಿಡಿದು ಒಂದೊಂದೇ ವೈರು ನೋಡುತ್ತ ಹೋದೆವು, ಕೊನೆಗೆ ಒಂದು ಬದಿಯ ಸಿಟಿಯ (ಕರೆಂಟ್ ಅಳೆಯಲು ಹಾಕುವ ಸಣ್ಣ ಟ್ರಾನ್ಸ್‌ಫಾರ್ಮರ್) ಪೊಲಾರಿಟಿ ಉಲ್ಟಾ ಕೊಟ್ಟಿದ್ದರು. ಟ್ರಾನ್ಸ್‌ಫಾರ್ಮರಿನ ಎರಡು ಬದಿಯ ಕರೆಂಟುಗಳ ವ್ಯತ್ಯಾಸ ನೋಡಬೇಕಾದ ಡಿಫರೆನ್ಷಿಯಲ್ ರಿಲೇ ಮೊತ್ತ ನೋಡುತ್ತಿತ್ತು, ಬೀಳದೆ ಇರುತ್ತದಾ? ಆ ಎರಡು ರಾತ್ರಿಯಲ್ಲಿ ಕಲಿತದ್ದು ನಾಲ್ಕು ವರ್ಷದ ಕಾಲೇಜಿನಲ್ಲಿ ಕಲಿತಿರಲಿಲ್ಲ. ಮುಂದಿನ ಕೆಲಸ ಸಿಕ್ಕಿದ್ದೂ ಅದರಿಂದಲೇ, ಸಂದರ್ಶನದಲ್ಲಿ ಇಡೀ ಹೊತ್ತು ಇದೇ ಮಾತು.

ಒಂದು ನೋಟ್‌ಬುಕ್ ಇಡಿ. ಯಾವ ಫೀಡರ್ (ವಿದ್ಯುತ್ ಒಯ್ಯುವ ಲೈನ್), ಯಾವ ರಿಲೇ, ಏಕೆ ಬಿತ್ತು, ಹೇಗೆ ಗೊತ್ತಾಯಿತು, ದಿನಾಲೂ ಬರೆಯಿರಿ. ಕೆಲಸಕ್ಕೆ ಲಿಖಿತ ಪರ್ಮಿಟ್ ಇಲ್ಲದೆ, ಅರ್ತಿಂಗ್ ಹಾಕದೆ ಮಾತ್ರ ಲೈನ್ ಮುಟ್ಟಬೇಡಿ, ಯಾರು ಎಷ್ಟೇ ಗಡಿಬಿಡಿ ಮಾಡಲಿ.

ಶಿರಸಿ_ಸೋಲಾರ್:
ಊರಲ್ಲೇ ಇರಬೇಕು ಅಂದರೆ ಸೋಲಾರ್ ಕಡೆಯೂ ನೋಡಿ. ಆದರೆ ಸುಮ್ನೆ ಪ್ಯಾನೆಲ್ ಮಾರುವ ಕೆಲಸಕ್ಕೆ ಸೇರಬೇಡಿ. ಇಲ್ಲಿ ಅಡಿಕೆ ಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ಸರಿ ಸಿಗುವುದಿಲ್ಲ, ಸಿಡಿಲು ಬಂದಾಗ ಇನ್ವರ್ಟರ್ ಹೋಗುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ವಿನ್ಯಾಸ ಮಾಡುವವರು ನಮಗೆ ಸಾಲುತ್ತಿಲ್ಲ. 3 ವರ್ಷ ಅನುಭವ ಆದ ಮೇಲೆ ಬಿಇಇಯ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ಎನರ್ಜಿ ಆಡಿಟರ್ ಪರೀಕ್ಷೆಯನ್ನೂ ಬರೆಯಬಹುದು.

ಕಾಳಿದಂಡೆ:
ಎಲ್ಲರಿಗೂ ಥ್ಯಾಂಕ್ಸ್. ನನಗೀಗ 24, ಗೇಟ್‌ಗೆ ಅರ್ಜಿ ಹಾಕುತ್ತೇನೆ. ಸಬ್‌ಸ್ಟೇಷನ್ನಿನಲ್ಲಿ ಕೆಲಸಕ್ಕಾಗಿ ವಿದ್ಯುತ್ ನಿಲ್ಲಿಸುವ ಮುಂದಿನ ಶಟ್‌ಡೌನ್‌ಗೆ ಟೆಸ್ಟಿಂಗ್ ತಂಡದ ಜೊತೆ ಕಳಿಸಿ ಅಂತ ನಾಳೆಯೇ ಗುತ್ತಿಗೆದಾರರನ್ನು ಕೇಳುತ್ತೇನೆ. ರಿಲೇರಾಯರೇ, ಮೊದಲು ಏನು ಓದಿಕೊಂಡು ಹೋಗಲಿ?

ರಿಲೇರಾಯ:
ಆ ಸಬ್‌ಸ್ಟೇಷನ್ನಿನ ಸಿಂಗಲ್ ಲೈನ್ ಡ್ರಾಯಿಂಗ್, ಅಂದರೆ ಇಡೀ ಜೋಡಣೆಯನ್ನು ಒಂಟಿ ಗೆರೆಗಳಲ್ಲಿ ತೋರಿಸುವ ನಕ್ಷೆ. ನೋಡದೆ ಬಿಡಿಸಲು ಬರುವ ತನಕ.